ದಪ್ಪಕ್ಷರ ಮಾಡಿದರೆ ಶೀರ್ಷಿಕೆಯಾಗುವುದಿಲ್ಲ

ಮುನ್ನೂರು, ನಾನ್ನೂರು ಪುಟಗಳ ಒಂದು ಕನ್ನಡ ಮಹಾಪ್ರಬಂಧದ ವರ್ಡ್ ಫೈಲನ್ನು ತೆರೆದುಕೊಳ್ಳಿ. ಮೂರನೆಯ ಅಧ್ಯಾಯದಲ್ಲಿ ಎಲ್ಲೋ ಕ್ಷೇತ್ರಕಾರ್ಯದ ವಿವರವಿದೆ, ಅದನ್ನು ನೋಡಬೇಕು. ಏನು ಮಾಡುತ್ತೀರಿ? ನಮ್ಮಲ್ಲಿ ಬಹುಪಾಲು ಜನ ಮೌಸಿನ ಚಕ್ರ ತಿರುಗಿಸುತ್ತಾರೆ. ಪುಟಗಳು ಸರಸರನೆ ಓಡುತ್ತವೆ, ಬೇಕಾದ ಜಾಗ ದಾಟಿಹೋಗುತ್ತದೆ, ಮತ್ತೆ ಹಿಂದಕ್ಕೆ ತಿರುಗಿಸಬೇಕು. ಅಷ್ಟು ಹೊತ್ತಿಗೆ ಯಾವ ವಾಕ್ಯವನ್ನು ತಿದ್ದಲು ಹೊರಟಿದ್ದೆವು ಎಂಬುದೇ ಮರೆತಿರುತ್ತದೆ. ಸಂಶೋಧಕ, ಅವನ ಮಾರ್ಗದರ್ಶಕ, ಕರಡು ತಿದ್ದುವ ಸಂಪಾದಕ, ಪುಟ ಕಟ್ಟುವ ಡಿಟಿಪಿಯವರು ಎಲ್ಲರೂ ಇದನ್ನು ದಿನಕ್ಕೆ ಹತ್ತಾರು ಸಲ ಮಾಡುತ್ತಾರೆ. ದೊಡ್ಡ ಫೈಲ್ ಎಂದರೆ ಹೀಗೇ ಇರುತ್ತದೆ ಎಂದು ಒಪ್ಪಿಕೊಂಡೂ ಬಿಟ್ಟಿದ್ದಾರೆ.

ಆ ಫೈಲಿನಲ್ಲಿ ಶೀರ್ಷಿಕೆಗಳೇ ಇಲ್ಲವೆಂದಲ್ಲ. ಕಣ್ಣಿಗೆ ಧಾರಾಳವಾಗಿ ಕಾಣುತ್ತವೆ. ಅಧ್ಯಾಯದ ಹೆಸರು 18 ಪಾಯಿಂಟ್ ಗಾತ್ರದಲ್ಲಿ, ದಪ್ಪಕ್ಷರದಲ್ಲಿ, ಪುಟದ ನಡುವೆ ನಿಂತಿದೆ. ಉಪಶೀರ್ಷಿಕೆಗಳಿಗೆ ಅಡಿಗೆರೆ ಎಳೆದಿದೆ. ಮುದ್ರಿಸಿ ಕೈಗೆ ಕೊಟ್ಟರೆ ಯಾವ ಕೊರತೆಯೂ ಕಾಣದು. ಆದರೆ ಫೈಲಿಗೆ ಗೊತ್ತಿರುವುದು ಇಷ್ಟೇ: ಇಲ್ಲಿ ಕೆಲವು ಅಕ್ಷರ ದೊಡ್ಡದಾಗಿವೆ, ದಪ್ಪಗಿವೆ, ಸಾಲಿನ ನಡುವಿನಲ್ಲಿವೆ. ಅದು ಅಧ್ಯಾಯದ ಹೆಸರು ಎಂದು ಯಾರೂ ಅದಕ್ಕೆ ಹೇಳಿಲ್ಲ. ಗೋಡೆಯ ಮೇಲೆ ಬಾಗಿಲಿನ ಚಿತ್ರ ಬರೆದಂತೆ. ನೋಡಲು ಬಾಗಿಲೇ, ಒಳಗೆ ಹೋಗಲು ಬಾರದು.

ಫೈಲಿಗೆ ಅದನ್ನು ಹೇಳುವ ಅನುಕೂಲ ಎಲ್ಲ ವರ್ಡ್ ಪ್ರೊಸೆಸರ್‌ಗಳಲ್ಲೂ ಇದೆ, ದಶಕಗಳಿಂದ ಇದೆ. ಅದರ ಹೆಸರು ಸ್ಟೈಲ್. ಕನ್ನಡದಲ್ಲಿ ಉದ್ದದ ಬರವಣಿಗೆ ಮಾಡುವವರು ಕಂಪ್ಯೂಟರಿನಲ್ಲಿ ಕಲಿಯಬೇಕಾದ ಒಂದೇ ಒಂದು ವಿಷಯ ಹೇಳಿ ಎಂದು ಯಾರಾದರೂ ಕೇಳಿದರೆ, ಟೈಪಿಂಗ್ ವೇಗವನ್ನಾಗಲಿ ಚಂದದ ಫಾಂಟುಗಳನ್ನಾಗಲಿ ನಾನು ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ.

ಎಡಗಡೆಯ ಪಟ್ಟಿ

ಕೆಲಸ ಸಣ್ಣದು. ಅಧ್ಯಾಯದ ಹೆಸರಿರುವ ಸಾಲಿನಲ್ಲಿ ಎಲ್ಲಾದರೂ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು 1 ಒತ್ತಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಆ ಸಾಲು ‘ಹೆಡಿಂಗ್ 1’ ಆಯಿತು. ಉಪಶೀರ್ಷಿಕೆಯಾದರೆ 2, ಅದರೊಳಗಿನ ಕಿರುಶೀರ್ಷಿಕೆಯಾದರೆ 3. ಗೂಗಲ್ ಡಾಕ್ಸ್‌ನಲ್ಲೂ ಇದೇ ಕೀಗಳು. ಲಿಬ್ರೆಆಫೀಸ್ ರೈಟರ್‌ನಲ್ಲಿ ಆಲ್ಟ್ ಬೇಕಿಲ್ಲ, ಕಂಟ್ರೋಲ್ ಜೊತೆ ಅಂಕಿ ಒತ್ತಿದರೆ ಸಾಕು. ಕೀಗಳು ನೆನಪಿರದವರು ವರ್ಡ್‌ನ ಹೋಮ್ ಟ್ಯಾಬಿನಲ್ಲಿ ಸ್ಟೈಲ್ಸ್ ಎಂಬ ಪೆಟ್ಟಿಗೆಯಿಂದ ಆರಿಸಿಕೊಳ್ಳಬಹುದು. ವರ್ಡ್‌ನಲ್ಲಿ ಇಂಥ ಒಂಬತ್ತು ಹಂತಗಳಿವೆ. ಮೂರಕ್ಕಿಂತ ಆಳಕ್ಕೆ ಹೋಗಬೇಕಾದ ಕನ್ನಡ ಪುಸ್ತಕವನ್ನು ನಾನು ಕಂಡದ್ದು ಕಡಿಮೆ.

ಈಗ ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿ. ಎಡಗಡೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಅದನ್ನು ನ್ಯಾವಿಗೇಷನ್ ಪೇನ್ ಎನ್ನುತ್ತಾರೆ. ಅಲ್ಲಿ ಹೆಡಿಂಗ್ಸ್ ಎಂಬುದನ್ನು ಆರಿಸಿದರೆ ಇಡೀ ಪ್ರಬಂಧದ ಎಲುಬಿನ ಗೂಡು ಕಾಣುತ್ತದೆ: ಅಧ್ಯಾಯಗಳು, ಅವುಗಳ ಕೆಳಗೆ ಒಂದಿಷ್ಟು ಒಳಕ್ಕೆ ಸರಿದು ಉಪಶೀರ್ಷಿಕೆಗಳು, ಇನ್ನಷ್ಟು ಒಳಗೆ ಕಿರುಶೀರ್ಷಿಕೆಗಳು. ‘ಕ್ಷೇತ್ರಕಾರ್ಯ’ದ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ನೇರ ಆ ಪುಟಕ್ಕೆ ಹೋಗುತ್ತೀರಿ. ನೀವು ಯಾವ ಭಾಗದಲ್ಲಿದ್ದೀರೋ ಆ ಹೆಸರು ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿರುತ್ತದೆ, ಹಾಗಾಗಿ ದಾರಿ ತಪ್ಪುವ ಮಾತೇ ಇಲ್ಲ. ಲಿಬ್ರೆಆಫೀಸ್‌ನಲ್ಲಿ ಇದಕ್ಕೆ ನ್ಯಾವಿಗೇಟರ್ ಎಂದು ಹೆಸರು, ಎಫ್5 ಒತ್ತಿದರೆ ಬರುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಎಡಬದಿಯ ಔಟ್‌ಲೈನ್.

ಈ ಪಟ್ಟಿಯನ್ನು ಓಡಾಟಕ್ಕಷ್ಟೇ ಬಳಸಿದರೆ ಅರ್ಧ ಲಾಭ ಮಾತ್ರ. ನಾಲ್ಕನೆಯ ಅಧ್ಯಾಯದ ‘ಆಹಾರ ಪದ್ಧತಿ’ ಎಂಬ ಭಾಗ ಎರಡನೆಯ ಅಧ್ಯಾಯದಲ್ಲಿರಬೇಕಿತ್ತು ಎಂದು ಬರೆಯುತ್ತಾ ಹೋದಂತೆ ಹೊಳೆಯುತ್ತದೆ ಎನ್ನಿ. ಹಳೆಯ ಪದ್ಧತಿಯಲ್ಲಾದರೆ ಹದಿನೈದು ಪುಟಗಳನ್ನು ಮೌಸಿನಿಂದ ಎಳೆದು ಗುರುತಿಸಿ, ಕತ್ತರಿಸಿ, ಹೋಗಿ, ಅಂಟಿಸಬೇಕು. ಪುಟ ಓಡುವಾಗ ಬೆರಳು ಜಾರಿದರೆ ಅರ್ಧ ಪ್ಯಾರಾ ಹಿಂದೆಯೇ ಉಳಿಯುತ್ತದೆ. ವರ್ಡ್‌ನ ಈ ಪಟ್ಟಿಯಲ್ಲಾದರೆ ‘ಆಹಾರ ಪದ್ಧತಿ’ ಎಂಬ ಒಂದು ಸಾಲನ್ನು ಹಿಡಿದು ಮೇಲಕ್ಕೆಳೆದು ಎರಡನೆಯ ಅಧ್ಯಾಯದ ಕೆಳಗೆ ಬಿಟ್ಟರೆ ಸಾಕು. ಅದರ ಕೆಳಗಿನ ಪ್ಯಾರಾಗಳು, ಕೋಷ್ಟಕಗಳು, ಅಡಿಟಿಪ್ಪಣಿಗಳು, ಒಳಗಿನ ಕಿರುಶೀರ್ಷಿಕೆಗಳು ಎಲ್ಲ ಒಟ್ಟಿಗೆ ಹೋಗುತ್ತವೆ. ಶೀರ್ಷಿಕೆಯ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದನ್ನು ಒಂದು ಹಂತ ಮೇಲೇರಿಸಬಹುದು, ಕೆಳಗಿಳಿಸಬಹುದು, ಆ ಭಾಗವನ್ನಷ್ಟೇ ಮುದ್ರಿಸಬಹುದು. ‘ಮೂರನೆಯ ಅಧ್ಯಾಯದ ಎರಡನೆಯ ಭಾಗ ಮಾತ್ರ ಪ್ರಿಂಟ್ ತಗೊಂಡು ಬಾ’ ಎಂದು ಮಾರ್ಗದರ್ಶಕರು ಹೇಳಿದಾಗ ಪುಟಸಂಖ್ಯೆ ಎಣಿಸುತ್ತಾ ಕೂರಬೇಕಿಲ್ಲ.

ನನ್ನ ಮಟ್ಟಿಗೆ ಈ ಪಟ್ಟಿಯ ಅತಿ ದೊಡ್ಡ ಉಪಕಾರ ಬೇರೆಯೇ ಇದೆ. ಅದು ವಾದದ ಆಕಾರವನ್ನು ತೋರಿಸುತ್ತದೆ. ಎರಡನೆಯ ಅಧ್ಯಾಯದ ಕೆಳಗೆ ಹನ್ನೊಂದು ಉಪಶೀರ್ಷಿಕೆಗಳಿದ್ದು, ಪ್ರಬಂಧದ ತಿರುಳೆಂದು ಹೇಳಿಕೊಂಡ ನಾಲ್ಕನೆಯ ಅಧ್ಯಾಯದ ಕೆಳಗೆ ಒಂದೂ ಇಲ್ಲದಿದ್ದರೆ, ಬರೆದವರು ಹಿನ್ನೆಲೆ ಹೇಳುವುದರಲ್ಲೇ ದಣಿದಿದ್ದಾರೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಒಂದೇ ವಿಷಯ ಎರಡು ಕಡೆ ಬೇರೆ ಬೇರೆ ಹೆಸರಿನಲ್ಲಿ ಬಂದಿದ್ದರೆ ಗೊತ್ತಾಗುತ್ತದೆ. ಪುಟ ತಿರುವುತ್ತಾ ಓದುವಾಗ ಇವು ಕಣ್ಣಿಗೆ ಬೀಳುವುದಿಲ್ಲ. ಸಂಶೋಧನಾ ವಿದ್ಯಾರ್ಥಿಯೂ ಮಾರ್ಗದರ್ಶಕರೂ ಈ ಪಟ್ಟಿಯನ್ನು ನಡುವೆ ಇಟ್ಟುಕೊಂಡು ಅರ್ಧ ಗಂಟೆ ಮಾತಾಡಿದರೆ, ಇಡೀ ಕರಡನ್ನು ಮುದ್ರಿಸಿ ಅಂಚಿನಲ್ಲಿ ಗೀಚುವುದಕ್ಕಿಂತ ಹೆಚ್ಚು ಕೆಲಸವಾಗುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ಪರಿವಿಡಿಯದೂ ಇದೇ ಕತೆ. ನಮ್ಮಲ್ಲಿ ಎಷ್ಟೋ ಪ್ರಬಂಧಗಳ ಪರಿವಿಡಿಯನ್ನು ಇವತ್ತಿಗೂ ಕೈಯಲ್ಲೇ ಟೈಪ್ ಮಾಡುತ್ತಾರೆ. ಅಧ್ಯಾಯದ ಹೆಸರು, ಆಮೇಲೆ ಸಾಲು ತುಂಬುವಷ್ಟು ಚುಕ್ಕೆಗಳು, ಕೊನೆಗೆ ಪುಟಸಂಖ್ಯೆ. ಸಲ್ಲಿಸುವ ಹಿಂದಿನ ದಿನ ಮಾರ್ಗದರ್ಶಕರು ಎರಡು ಪ್ಯಾರಾ ಸೇರಿಸಲು ಹೇಳಿದರೆ ಅಲ್ಲಿಂದ ಮುಂದಿನ ಪುಟಸಂಖ್ಯೆಗಳೆಲ್ಲ ಪಲ್ಲಟ. ಶೀರ್ಷಿಕೆಗಳಿಗೆ ಸ್ಟೈಲ್ ಕೊಟ್ಟಿದ್ದರೆ ರೆಫರೆನ್ಸಸ್ ಟ್ಯಾಬಿನಲ್ಲಿ ಟೇಬಲ್ ಆಫ್ ಕಂಟೆಂಟ್ಸ್ ಆರಿಸಿದ ಕ್ಷಣ ಪರಿವಿಡಿ ತಾನೇ ತಯಾರಾಗುತ್ತದೆ. ಪುಟ ಬದಲಾದಾಗ ಅದರ ಮೇಲೆ ಕರ್ಸರ್ ಇಟ್ಟು ಎಫ್9 ಒತ್ತಿದರೆ ಹೊಸ ಸಂಖ್ಯೆಗಳು ಬರುತ್ತವೆ.

ಉಳಿದ ಬರಹಕ್ಕೂ ಒಂದು ಸ್ಟೈಲ್

ಶೀರ್ಷಿಕೆಯಷ್ಟೇ ಸಾಲದು. ಮುಖ್ಯ ಪಠ್ಯಕ್ಕೆ ಒಂದು ಸ್ಟೈಲ್, ಉದ್ಧರಣೆಗೆ ಒಂದು, ಪದ್ಯಭಾಗಕ್ಕೆ ಒಂದು, ಚಿತ್ರದ ಅಡಿಬರಹಕ್ಕೆ ಒಂದು. ಒಮ್ಮೆ ಹೀಗೆ ವಿಂಗಡಿಸಿಟ್ಟರೆ ಉದ್ಧರಣೆಗಳೆಲ್ಲ ಅರ್ಧ ಅಂಗುಲ ಒಳಕ್ಕೆ ಸರಿಯಬೇಕು ಎಂದು ಪ್ರಕಾಶಕರು ಹೇಳಿದಾಗ ಒಂದು ಕಡೆ ಬದಲಾಯಿಸಿದರೆ ನೂರು ಕಡೆ ಬದಲಾಗುತ್ತದೆ. ಪ್ಯಾರಾಗಳ ನಡುವೆ ಜಾಗ ಬೇಕೆಂದು ಎರಡು ಸಲ ಎಂಟರ್ ಒತ್ತುವುದು, ಹೊಸ ಅಧ್ಯಾಯ ಹೊಸ ಪುಟದಲ್ಲಿ ಬರಲೆಂದು ಇಪ್ಪತ್ತು ಸಲ ಎಂಟರ್ ಒತ್ತುವುದು ನಮ್ಮಲ್ಲಿ ಬೇರೂರಿದ ರೂಢಿ. ಮೇಲೊಂದು ಸಾಲು ಸೇರಿದ ಕೂಡಲೇ ಅದೆಲ್ಲ ಕುಸಿಯುತ್ತದೆ. ಪ್ಯಾರಾದ ಹಿಂದೆ ಮುಂದೆ ಎಷ್ಟು ಜಾಗ, ಹೊಸ ಪುಟದಿಂದ ಶುರುವಾಗಬೇಕೇ ಎಂಬುದನ್ನು ಸ್ಟೈಲಿನೊಳಗೇ ಹೇಳಿಟ್ಟರೆ ಆ ಪಾಡಿಲ್ಲ. ಶೀರ್ಷಿಕೆಯ ಸ್ಟೈಲಿಗೆ ಹುಟ್ಟಿನಿಂದಲೇ ಇನ್ನೊಂದು ಗುಣವಿದೆ: ಅದು ಮುಂದಿನ ಪ್ಯಾರಾವನ್ನು ಬಿಟ್ಟಿರುವುದಿಲ್ಲ. ಪುಟದ ಕೊನೆಯ ಸಾಲಿನಲ್ಲಿ ಶೀರ್ಷಿಕೆ ಒಂಟಿಯಾಗಿ ನಿಂತು ವಿಷಯ ಮರುಪುಟಕ್ಕೆ ಹೋಗುವ ಅಂದಗೇಡು ಆಗುವುದಿಲ್ಲ.

ಕೆಲವು ಎಚ್ಚರಿಕೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಧ್ಯಾಯದ ಹೆಸರನ್ನು ಅಲಂಕಾರಕ್ಕೆಂದು ಟೆಕ್ಸ್ಟ್ ಬಾಕ್ಸಿನೊಳಗೆ ಅಥವಾ ಟೇಬಲ್ಲಿನೊಳಗೆ ಕೂರಿಸಿದರೆ ವರ್ಡ್‌ನ ಎಡಪಟ್ಟಿಯಲ್ಲಿ ಅದು ಬರುವುದಿಲ್ಲ. ಉದ್ದದ ಶೀರ್ಷಿಕೆಯನ್ನು ಎರಡು ಸಾಲಾಗಿಸಲು ಎಂಟರ್ ಒತ್ತಿದರೆ ಎರಡು ಶೀರ್ಷಿಕೆಗಳಾಗುತ್ತವೆ, ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಒಂದಾಗಿಯೇ ಉಳಿಯುತ್ತದೆ. ಅಕ್ಷರದ ಗಾತ್ರ ಚಂದ ಕಂಡಿತೆಂದು ಹೆಡಿಂಗ್ 1ರ ಕೆಳಗೆ ನೇರ ಹೆಡಿಂಗ್ 4 ಬಳಸಬಾರದು. ಹಂತ ಎಂದರೆ ಯಾವುದು ಯಾವುದರ ಒಳಗಿದೆ ಎಂಬ ಸಂಬಂಧ, ಗಾತ್ರವಲ್ಲ. ಗಾತ್ರವನ್ನು ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

ಈಗಾಗಲೇ ಬರೆದು ಮುಗಿಸಿದ ಫೈಲಿನ ಗತಿಯೇನು ಎಂದು ಕೇಳುವವರಿಗೆ ವರ್ಡ್‌ನಲ್ಲಿ ಒಳ್ಳೆಯ ಉಪಾಯವಿದೆ. ಒಂದು ಉಪಶೀರ್ಷಿಕೆಯ ಮೇಲೆ ಕರ್ಸರ್ ಇಡಿ. ಹೋಮ್ ಟ್ಯಾಬಿನ ಬಲತುದಿಯಲ್ಲಿರುವ ಸೆಲೆಕ್ಟ್ ಮೆನುವಿನಲ್ಲಿ, ಅದೇ ರೂಪದಲ್ಲಿರುವ ಪಠ್ಯವನ್ನೆಲ್ಲ ಆರಿಸು ಎನ್ನುವ ಆಯ್ಕೆಯನ್ನು ಒತ್ತಿ. ಇಡೀ ಫೈಲಿನಲ್ಲಿ ಅದೇ ಗಾತ್ರ, ಅದೇ ದಪ್ಪದ ಸಾಲುಗಳೆಲ್ಲ ಒಟ್ಟಿಗೆ ಗುರುತಾಗುತ್ತವೆ. ಹೆಡಿಂಗ್ 2 ಕೊಡಿ. ಒಂದೇ ಪದ್ಧತಿಯಲ್ಲಿ ದಪ್ಪಕ್ಷರ ಮಾಡಿದ್ದವರಿಗೆ ನಾನ್ನೂರು ಪುಟಗಳ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಇದು ಹೊಸದಲ್ಲ

ಬರಹದ ರೂಪ ಬೇರೆ, ಅದರ ಕಟ್ಟು ಬೇರೆ ಎಂಬ ತಿಳಿವು ಕಂಪ್ಯೂಟರಿನ ಲೋಕದಲ್ಲಿ ಬಹಳ ಮೊದಲೇ ಮೂಡಿತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗಲ್‌ಬರ್ಟ್ ತಮ್ಮ ತಂಡದ ಯಂತ್ರವನ್ನು ಸಭೆಗೆ ತೋರಿಸಿದರು. ಮೌಸ್ ಎಂಬುದನ್ನು ಜಗತ್ತು ಕಂಡದ್ದು ಆ ತೊಂಬತ್ತು ನಿಮಿಷಗಳ ಪ್ರದರ್ಶನದಲ್ಲಿ ಎಂಬುದು ಹಲವರಿಗೆ ಗೊತ್ತು. ಅವರು ಅಲ್ಲಿ ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿಯೊಂದನ್ನು ತೆರೆದು, ಅದನ್ನು ಬಗೆಬಗೆಯಾಗಿ ಗುಂಪು ಮಾಡಿ, ಗುಂಪಿನ ಹೆಸರಷ್ಟೇ ಕಾಣುವಂತೆ ಮಡಚಿ, ಮತ್ತೆ ಬಿಡಿಸಿ ತೋರಿಸಿದ್ದರು. ಇವತ್ತಿನ ಎಡಪಟ್ಟಿ ಅದರ ಸಂತಾನ. ಮರುವರ್ಷ, 1969ರಲ್ಲಿ, ಐಬಿಎಮ್‌ನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಮೂವರೂ ಸೇರಿ, ಪಠ್ಯದ ಒಂದೊಂದು ಭಾಗಕ್ಕೂ ‘ಇದು ಶೀರ್ಷಿಕೆ, ಇದು ಪ್ಯಾರಾ’ ಎಂದು ಗುರುತು ಹಾಕುವ ಜಿಎಮ್‌ಎಲ್ ಎಂಬ ಪದ್ಧತಿಯನ್ನು ರೂಪಿಸಿದರು. ಗೋಲ್ಡ್‌ಫಾರ್ಬ್ ಓದಿದ್ದು ವಕೀಲಿಕೆ, ಆ ಕೆಲಸ ಶುರುವಾದದ್ದು ಕಾನೂನು ದಾಖಲೆಗಳಿಗಾಗಿ. ವೆಬ್ ಪುಟಗಳ ಎಚ್‌ಟಿಎಮ್‌ಎಲ್ ಅದೇ ವಂಶದ್ದು.

ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬ್ರಾವೋ ಎಂಬ ವರ್ಡ್ ಪ್ರೊಸೆಸರ್ ಕಟ್ಟಿದವರಲ್ಲಿ ಚಾರ್ಲ್ಸ್ ಸಿಮೋನಿ ಒಬ್ಬರು. ಅವರು 1981ರಲ್ಲಿ ಮೈಕ್ರೋಸಾಫ್ಟ್ ಸೇರಿ ರಿಚರ್ಡ್ ಬ್ರೋಡಿ ಅವರೊಂದಿಗೆ ಮಾಡಿದ್ದೇ 1983ರಲ್ಲಿ ಬಂದ ವರ್ಡ್. ಶೀರ್ಷಿಕೆಗಳ ಪಟ್ಟಿಯನ್ನು ಬದಿಯಲ್ಲಿ ತೋರಿಸುವ ಡಾಕ್ಯುಮೆಂಟ್ ಮ್ಯಾಪ್ ವರ್ಡ್ 97ರಲ್ಲಿತ್ತು, ಈಗಿನ ನ್ಯಾವಿಗೇಷನ್ ಪೇನ್ 2010ರ ಆವೃತ್ತಿಯಲ್ಲಿ ಬಂತು.

ನಮ್ಮ ಕವಿಗಳಿಗೂ ಈ ಎಚ್ಚರ ಇತ್ತು. ಪಂಪ ತನ್ನ ಭಾರತವನ್ನು ಹದಿನಾಲ್ಕು ಆಶ್ವಾಸಗಳಾಗಿ ಕಟ್ಟಿದ. ಕುಮಾರವ್ಯಾಸ ಹತ್ತು ಪರ್ವಗಳನ್ನು ಸಂಧಿಗಳಾಗಿ ಒಡೆದು, ಪ್ರತಿ ಸಂಧಿಯ ಮೊದಲಲ್ಲಿ ಮುಂದೆ ಬರುವ ಕತೆಯನ್ನು ಹೇಳುವ ಸೂಚನೆಯ ಪದ್ಯವನ್ನಿಟ್ಟ. ಲಕ್ಷ್ಮೀಶನೂ ಜೈಮಿನಿ ಭಾರತದ ಮೂವತ್ನಾಲ್ಕು ಸಂಧಿಗಳಲ್ಲಿ ಇದನ್ನು ಪಾಲಿಸಿದ. ಗಮಕಿ ಇವತ್ತು ಎಲ್ಲಿಂದ ಹಾಡಬೇಕು, ಕೇಳುವವರಿಗೆ ಏನು ಬರಲಿದೆ ಎಂಬುದು ಆ ಪದ್ಯದಿಂದಲೇ ತಿಳಿಯುತ್ತಿತ್ತು. ಇಷ್ಟು ಹಳೆಯ ಪರಂಪರೆಯ ಭಾಷೆಯಲ್ಲಿ ಇವತ್ತಿನ ಪ್ರಬಂಧಗಳು ಒಳದಾರಿಯಿಲ್ಲದೆ ತಯಾರಾಗುತ್ತಿರುವುದು ನನಗೆ ನೋವಿನ ಸಂಗತಿ.

ಕನ್ನಡದ್ದೇ ಆದ ತೊಡಕುಗಳು

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ಎರಡು ತೊಡಕುಗಳು ಕನ್ನಡದಲ್ಲಿವೆ. ಅನೇಕರು ಸ್ಟೈಲನ್ನು ಒಮ್ಮೆ ಪ್ರಯತ್ನಿಸಿ ಕೈಬಿಡುವುದು ಇವುಗಳಿಂದಲೇ.

ಮೊದಲನೆಯದು ಹಳೆಯ ಫಾಂಟುಗಳದು. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಒಂದೇ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಆದರೆ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸುವ ಹೊತ್ತಿಗೆ ಇನ್ನೂ ಹತ್ತು ವರ್ಷ ಕಳೆದಿತ್ತು. ಆ ನಡುವಿನ ಕಾಲದಲ್ಲಿ ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದ್ದು ‘ಬರಹ’, ‘ನುಡಿ’ಯಂಥ ತಂತ್ರಾಂಶಗಳು, ಅವನ್ನು ಮಾಡಿದವರ ಋಣ ನಮ್ಮ ಮೇಲಿದೆ. ಅವು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದವು. ಈ ಎರಡೂ ತಂತ್ರಾಂಶಗಳು ಯೂನಿಕೋಡಿಗೆ ಬಂದು ವರ್ಷಗಳಾದರೂ ಅಚ್ಚುಮನೆಗಳಲ್ಲಿ, ಟೈಪಿಂಗ್ ಅಂಗಡಿಗಳಲ್ಲಿ ಹಳೆಯ ಫಾಂಟೇ ಇನ್ನೂ ನಡೆಯುತ್ತಿದೆ.

ಅಂಥ ಫೈಲಿನಲ್ಲಿ ಶೀರ್ಷಿಕೆಗೆ ಸ್ಟೈಲ್ ಕೊಟ್ಟು ಎಡಪಟ್ಟಿ ತೆರೆದರೆ ಏನಾಗುತ್ತದೆ ನೋಡಿ. ಪುಟದ ಮೇಲೆ ‘ಕನ್ನಡ’ ಎಂದು ಚೊಕ್ಕವಾಗಿ ಕಾಣುವ ಪದ ಪಟ್ಟಿಯಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಇನ್ನೊಮ್ಮೆ ಎ ಎಂದು ಕಾಣುತ್ತದೆ. ಕಾರಣ ಸರಳ. ಪಟ್ಟಿ ತನ್ನದೇ ಫಾಂಟಿನಲ್ಲಿ ಶೀರ್ಷಿಕೆಯನ್ನು ಬರೆಯುತ್ತದೆ, ನುಡಿ ಫಾಂಟಿನ ವೇಷ ಅಲ್ಲಿಗೆ ತಲುಪುವುದಿಲ್ಲ. ಫೈಲಿನ ಒಳಗೆ ಇದ್ದದ್ದು ಆ ಪಿ, ಎ, ಪೌಂಡುಗಳೇ. ಪಿಡಿಎಫ್ ಮಾಡಿದರೆ ಅದರ ಬುಕ್‌ಮಾರ್ಕ್ ಪಟ್ಟಿಯಲ್ಲೂ ಇದೇ ಬರುತ್ತದೆ. ‘ಕನ್ನಡ’ ಎಂದು ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ನಾನ್ನೂರು ಪುಟಗಳಲ್ಲಿ ಒಮ್ಮೆಯೂ ಸಿಗದು. ಆದ್ದರಿಂದ ಮೊದಲು ಯೂನಿಕೋಡ್, ಆಮೇಲೆ ಸ್ಟೈಲ್. ಹಳೆಯ ಫೈಲನ್ನು ಪರಿವರ್ತಿಸುವ ಸಾಧನಗಳು ಪುಕ್ಕಟೆಯಾಗಿ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ಬರಿಯ ಪಠ್ಯವನ್ನಷ್ಟೇ ಉಳಿಸುವುದರಿಂದ ಪರಿವರ್ತನೆ ಮುಗಿದ ಮೇಲೆಯೇ ಶೀರ್ಷಿಕೆಗಳಿಗೆ ಕೈಹಾಕುವುದು ಜಾಣತನ.

ಎರಡನೆಯ ತೊಡಕು ಯೂನಿಕೋಡಿನಲ್ಲಿ ಬರೆಯುವವರನ್ನೂ ಕಾಡುತ್ತದೆ. ಹೆಡಿಂಗ್ 1 ಕೊಟ್ಟ ಕೂಡಲೇ ಸಾಲು ನೀಲಿಯಾಗುತ್ತದೆ, ಫಾಂಟು ಬದಲಾಗುತ್ತದೆ. ಪ್ರಬಂಧಕ್ಕೆ ಇದು ಒಪ್ಪುವುದಿಲ್ಲವೆಂದು ಸ್ಟೈಲನ್ನು ಮಾಡಿಫೈ ಮಾಡಲು ಹೋಗಿ, ಮೇಲುಗಡೆಯ ಪೆಟ್ಟಿಗೆಯಲ್ಲಿ ತಮಗೆ ಬೇಕಾದ ಕನ್ನಡ ಫಾಂಟನ್ನು ಆರಿಸುತ್ತಾರೆ. ಅಕ್ಷರ ಕದಲುವುದಿಲ್ಲ. ಗಾತ್ರ ಹೆಚ್ಚಿಸಿದರೂ ಹಾಗೇ ಕೂತಿರುತ್ತದೆ. ಇದು ಕೆಟ್ಟಿದೆ ಎಂದು ತಿಳಿದು ಮತ್ತೆ ದಪ್ಪಕ್ಷರದ ದಾರಿಗೇ ಮರಳುತ್ತಾರೆ.

ಕೆಟ್ಟಿರುವುದು ಯಾವುದೂ ಇಲ್ಲ. ಒತ್ತಕ್ಷರ, ಗುಣಿತಾಕ್ಷರಗಳಿರುವ ಭಾರತೀಯ ಲಿಪಿಗಳನ್ನು ವರ್ಡ್ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಬೇರೆ ಖಾನೆಯಲ್ಲಿಟ್ಟಿದೆ. ಲ್ಯಾಟಿನ್ ಅಕ್ಷರಕ್ಕೆ ಒಂದು ಫಾಂಟು, ಒಂದು ಗಾತ್ರ. ಈ ಖಾನೆಗೆ ಇನ್ನೊಂದು ಫಾಂಟು, ಇನ್ನೊಂದು ಗಾತ್ರ. ಮಾಡಿಫೈ ಪೆಟ್ಟಿಗೆಯ ಕೆಳತುದಿಯ ಫಾರ್ಮ್ಯಾಟ್ ಒತ್ತಿ ಫಾಂಟ್ ಆರಿಸಿದರೆ, ಕನ್ನಡವನ್ನು ಸೇರಿಸಿಕೊಂಡಿರುವ ಕಂಪ್ಯೂಟರಿನಲ್ಲಿ ಎರಡು ಭಾಗಗಳು ಕಾಣುತ್ತವೆ. ಕೆಳಗಿನ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಭಾಗದಲ್ಲಿ ನಿರ್ಮಲಾ, ತುಂಗಾ, ನೋಟೋ ಸೆರಿಫ್ ಕನ್ನಡ, ಯಾವುದು ಬೇಕೋ ಅದನ್ನು ಕೊಡಿ, ದಪ್ಪವನ್ನೂ ಗಾತ್ರವನ್ನೂ ಅಲ್ಲೇ ಕೊಡಿ, ಬಣ್ಣ ಕಪ್ಪಾಗಿಸಿ. ಮುಂದಿನ ಫೈಲುಗಳಿಗೂ ಇದೇ ಇರಲಿ ಎಂಬ ಆಯ್ಕೆಯೂ ಆ ಪೆಟ್ಟಿಗೆಯ ಕೆಳಗಿದೆ, ಒಮ್ಮೆ ಗುರುತು ಹಾಕಿದರೆ ಪ್ರತಿಸಲ ಹೆಣಗಬೇಕಿಲ್ಲ. ಲಿಬ್ರೆಆಫೀಸ್‌ನಲ್ಲಿ ಆಪ್ಷನ್ಸ್‌ನ ಭಾಷಾ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಕ್ಕೆ ಗುರುತು ಹಾಕಿ ಕನ್ನಡವನ್ನು ಆರಿಸಬೇಕು. ಇದೊಂದು ವಿಷಯವನ್ನು ಯಾರಾದರೂ ಮೊದಲೇ ಹೇಳಿಕೊಟ್ಟಿದ್ದರೆ ನಮ್ಮಲ್ಲಿ ಸ್ಟೈಲ್ ಬಳಸುವವರ ಸಂಖ್ಯೆ ಎಷ್ಟೋ ಪಾಲು ಹೆಚ್ಚಿರುತ್ತಿತ್ತು. ಕಂಪ್ಯೂಟರ್ ತರಗತಿಗಳಲ್ಲಿ ಕನ್ನಡದ ಮಕ್ಕಳಿಗೂ ಇಂಗ್ಲಿಷ್ ಪಠ್ಯ ಇಟ್ಟುಕೊಂಡೇ ವರ್ಡ್ ಕಲಿಸುತ್ತೇವೆ, ಅದಕ್ಕೇ ಇದು ಯಾರ ಗಮನಕ್ಕೂ ಬರುವುದಿಲ್ಲ.

ಕಣ್ಣಿಲ್ಲದವರ ಓದು

ಇಲ್ಲಿಯವರೆಗೆ ಹೇಳಿದ್ದು ಅನುಕೂಲದ ಮಾತು. ಇನ್ನು ಹೇಳುವುದು ಹಕ್ಕಿನ ಮಾತು.

ದೃಷ್ಟಿಯಿಲ್ಲದವರು ಕಂಪ್ಯೂಟರನ್ನು ಸ್ಕ್ರೀನ್ ರೀಡರ್ ಮೂಲಕ ಬಳಸುತ್ತಾರೆ. ಪರದೆಯ ಮೇಲಿನ ಬರಹವನ್ನು ಅದು ಓದಿ ಹೇಳುತ್ತದೆ. ಇಂಥವುಗಳಲ್ಲಿ ಪುಕ್ಕಟೆಯಾಗಿ ಸಿಗುವ ಎನ್‌ವಿಡಿಎಯನ್ನು 2006ರಲ್ಲಿ ಶುರುಮಾಡಿದವರು ಆಸ್ಟ್ರೇಲಿಯದ ಮೈಕೆಲ್ ಕರ್ರನ್, ಅವರಿಗೂ ದೃಷ್ಟಿಯಿಲ್ಲ. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ದನಿ ಯಾಂತ್ರಿಕವಾಗಿದೆ, ಆದರೆ ಪಳಗಿದ ಕಿವಿಗೆ ಸಾಕಷ್ಟು ವೇಗದಲ್ಲಿ ಅರ್ಥವಾಗುತ್ತದೆ.

ಕಣ್ಣಿರುವ ನಾವು ಒಂದು ಪುಟವನ್ನು ತೆರೆದ ಕೂಡಲೇ ದಪ್ಪಕ್ಷರಗಳ ಮೇಲೆ ಕಣ್ಣಾಡಿಸಿ ಎಲ್ಲಿ ಏನಿದೆ ಎಂದು ತಿಳಿಯುತ್ತೇವೆ. ಕೇಳಿ ಓದುವವರಿಗೆ ಆ ಅನುಕೂಲವಿಲ್ಲ. ಅವರಿಗೆ ಅದರ ಬದಲಿಗಿರುವುದು ಎಚ್ ಎಂಬ ಒಂದು ಕೀ. ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹೋಗುತ್ತದೆ, ಶಿಫ್ಟ್ ಜೊತೆ ಒತ್ತಿದರೆ ಹಿಂದಿನದಕ್ಕೆ. 1 ಒತ್ತಿದರೆ ಅಧ್ಯಾಯದಿಂದ ಅಧ್ಯಾಯಕ್ಕೆ, 2 ಒತ್ತಿದರೆ ಉಪಶೀರ್ಷಿಕೆಗಳಿಗೆ. ಎಲ್ಲ ಶೀರ್ಷಿಕೆಗಳ ಪಟ್ಟಿಯನ್ನು ಬೇರೆಯಾಗಿ ತೆರೆಯಲೂ ಬರುತ್ತದೆ. ಅಮೆರಿಕದ ಯೂಟಾ ರಾಜ್ಯದ ವೆಬ್‌ಏಮ್ ಸಂಸ್ಥೆ ಸ್ಕ್ರೀನ್ ರೀಡರ್ ಬಳಸುವವರನ್ನು ಕೇಳಿ ಸಮೀಕ್ಷೆಗಳನ್ನು ನಡೆಸುತ್ತಾ ಬಂದಿದೆ. ಉದ್ದದ ವೆಬ್ ಪುಟದಲ್ಲಿ ಬೇಕಾದ್ದನ್ನು ಹುಡುಕಲು ಮೊದಲು ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ, ಇತ್ತೀಚಿನ ಸಮೀಕ್ಷೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನ ಕೊಟ್ಟ ಉತ್ತರ, ಶೀರ್ಷಿಕೆಗಳ ಮೂಲಕ ಹೋಗುತ್ತೇವೆ ಎಂಬುದು.

ದಪ್ಪಕ್ಷರದ ಶೀರ್ಷಿಕೆಗಳಿರುವ ಪ್ರಬಂಧದಲ್ಲಿ ಎಚ್ ಒತ್ತಿದರೆ ಮುಂದೆ ಶೀರ್ಷಿಕೆಯಿಲ್ಲ ಎಂಬ ಉತ್ತರ ಬರುತ್ತದೆ. ಆ ಓದುಗನಿಗೆ ಉಳಿಯುವ ದಾರಿ ಮೊದಲ ಸಾಲಿನಿಂದ ಕೇಳುತ್ತಾ ಕೂರುವುದು. ಮೂರನೆಯ ಅಧ್ಯಾಯ ಬರುವವರೆಗೆ ಗಂಟೆಗಟ್ಟಲೆ. ಫೈಲು ಹಳೆಯ ಫಾಂಟಿನದಾದರೆ ಅದೂ ಇಲ್ಲ. ಸ್ಕ್ರೀನ್ ರೀಡರ್ ಆ ಪಿ, ಎ, ಪೌಂಡುಗಳನ್ನು ಓದುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಎಂ.ಎ. ಮಾಡುವ, ಸಂಶೋಧನೆ ಮಾಡುವ ದೃಷ್ಟಿವಿಶೇಷಚೇತನ ವಿದ್ಯಾರ್ಥಿಗಳಿದ್ದಾರೆ. ಪಠ್ಯಸಾಮಗ್ರಿಯನ್ನು ಯಾರಾದರೂ ಓದಿ ಹೇಳಲಿ ಎಂದು ಅವರು ಗೆಳೆಯರ ಬಿಡುವಿಗಾಗಿ ಕಾಯುತ್ತಾರೆ. ಅವರ ಕಂಪ್ಯೂಟರಿನಲ್ಲಿ ಓದುವ ಸಾಧನವಿದೆ, ಭಾಷೆಯಿದೆ, ನಾವು ಕೊಡುವ ಫೈಲು ಮಾತ್ರ ಮುಚ್ಚಿಕೊಂಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕು ಎಂದು ಹೇಳುತ್ತದೆ. ಅಧ್ಯಾಪಕರು ವಾಟ್ಸ್‌ಆ್ಯಪಿನಲ್ಲಿ ಹಂಚುವ ನೋಟ್ಸ್‌ನಿಂದ ಹಿಡಿದು ಇಲಾಖೆಯ ಸುತ್ತೋಲೆಯವರೆಗೆ ಈ ಮಾತು ನಮ್ಮನ್ನು ಕಟ್ಟಿಹಾಕಬೇಕು.

ಪಿಡಿಎಫ್ ಮಾಡುವಾಗ ಒಂದು ಕ್ಲಿಕ್ಕು

ಯುಜಿಸಿಯ 2009ರ ನಿಯಮಾವಳಿಯ ನಂತರ ಪಿಎಚ್‌.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕಾಗಿದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಅವನ್ನು ಶೋಧಗಂಗಾ ಎಂಬ ಭಂಡಾರದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹಿಂದೆ ಗ್ರಂಥಾಲಯದ ಮೂಲೆಯ ಬೀರುವಿನಲ್ಲಿ ಇರುತ್ತಿದ್ದ ಕನ್ನಡ ಪ್ರಬಂಧವನ್ನು ಇವತ್ತು ಯಾವ ಊರಿನವರಾದರೂ ಮೊಬೈಲಿನಲ್ಲಿ ಓದಬಹುದು. ಇಂಥ ಅವಕಾಶಕ್ಕೆ ತಕ್ಕ ಫೈಲು ಕೊಡಬೇಕಾದದ್ದು ಬರೆದವರ ಹೊಣೆ.

ಸ್ಟೈಲ್ ಕೊಟ್ಟ ಫೈಲನ್ನು ವರ್ಡ್‌ನಲ್ಲಿ ಸೇವ್ ಆ್ಯಸ್ ಮೂಲಕ ಪಿಡಿಎಫ್ ಮಾಡುವಾಗ ಆಪ್ಷನ್ಸ್ ತೆರೆದು, ಹೆಡಿಂಗ್‌ಗಳಿಂದ ಬುಕ್‌ಮಾರ್ಕ್ ಮಾಡು ಎಂಬುದಕ್ಕೆ ಗುರುತು ಹಾಕಬೇಕು. ಆಗ ಎಡಪಟ್ಟಿ ಪಿಡಿಎಫ್‌ನ ಒಳಗೂ ಹೋಗುತ್ತದೆ, ಮೊಬೈಲಿನಲ್ಲೂ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದು. ಅದರ ಬದಲು ಪ್ರಿಂಟ್ ಎಂದು ಒತ್ತಿ ಪ್ರಿಂಟರಿನ ಜಾಗದಲ್ಲಿ ಪಿಡಿಎಫ್ ಆರಿಸಿದರೆ ಬರಿಯ ಚಿತ್ತಾರ ಉಳಿಯುತ್ತದೆ, ಒಳಗಿನ ಕಟ್ಟೆಲ್ಲ ಕಳೆದುಹೋಗುತ್ತದೆ. ಮುದ್ರಿತ ಪ್ರತಿಯನ್ನು ಸ್ಕ್ಯಾನ್ ಮಾಡಿ ಸಲ್ಲಿಸುವುದು ಇನ್ನೂ ಕೆಟ್ಟದ್ದು. ಅಲ್ಲಿ ಅಕ್ಷರಗಳೇ ಇರುವುದಿಲ್ಲ, ಫೋಟೋಗಳಿರುತ್ತವೆ.

ಪುಸ್ತಕವಾಗುವಾಗಲೂ ಲಾಭವಿದೆ. ಇನ್‌ಡಿಸೈನ್‌ನಲ್ಲಿ ಪುಟ ಕಟ್ಟುವವರು ವರ್ಡ್ ಫೈಲನ್ನು ಒಳಗೆ ತರುವಾಗ ಅದರ ಸ್ಟೈಲುಗಳನ್ನು ತಮ್ಮ ಸ್ಟೈಲುಗಳಿಗೆ ಜೋಡಿಸಬಲ್ಲರು. ಇಲ್ಲದಿದ್ದರೆ ಯಾವುದು ಅಧ್ಯಾಯ, ಯಾವುದು ಉಪಶೀರ್ಷಿಕೆ ಎಂದು ಅವರು ಊಹಿಸಬೇಕು. ಆ ಊಹೆ ತಪ್ಪಿದ್ದನ್ನು ಅಚ್ಚಾದ ಪುಸ್ತಕಗಳಲ್ಲಿ ನಾವು ಕಂಡಿದ್ದೇವೆ. ಇ-ಪುಸ್ತಕ ಮಾಡುವ ಸಾಧನಗಳೂ ಅಧ್ಯಾಯಗಳನ್ನು ಗುರುತಿಸುವುದು ಬಹುಮಟ್ಟಿಗೆ ಶೀರ್ಷಿಕೆಗಳಿಂದಲೇ.

ವಿಶ್ವವಿದ್ಯಾಲಯಗಳು ಪ್ರಬಂಧದ ರೂಪದ ಬಗ್ಗೆ ನಿಯಮ ಹೊರಡಿಸುತ್ತವೆ. ಎಡಗಡೆ ಎಷ್ಟು ಅಂಚು ಬಿಡಬೇಕು, ಅಕ್ಷರ ಎಷ್ಟು ಪಾಯಿಂಟ್, ಸಾಲಿನ ನಡುವೆ ಎಷ್ಟು ಅಂತರ, ರಟ್ಟಿನ ಬಣ್ಣ ಯಾವುದು ಎಂದೆಲ್ಲ ಬರೆದಿರುತ್ತದೆ. ಅವೆಲ್ಲ ಕಾಗದಕ್ಕೆ ಸಂಬಂಧಿಸಿದ್ದು. ಆ ಪಟ್ಟಿಗೆ ಒಂದು ಸಾಲು ಸೇರಿಸಿ ಎಂದು ಕುಲಸಚಿವರಲ್ಲೂ ಕನ್ನಡ ವಿಭಾಗಗಳ ಮುಖ್ಯಸ್ಥರಲ್ಲೂ ಕೇಳಿಕೊಳ್ಳುತ್ತೇನೆ: ಪ್ರಬಂಧ ಯೂನಿಕೋಡಿನಲ್ಲಿರಬೇಕು, ಅಧ್ಯಾಯ ಮತ್ತು ಉಪಶೀರ್ಷಿಕೆಗಳು ಹೆಡಿಂಗ್ ಸ್ಟೈಲಿನಲ್ಲಿರಬೇಕು, ಪಿಡಿಎಫ್‌ನಲ್ಲಿ ಬುಕ್‌ಮಾರ್ಕ್ ಇರಬೇಕು. ನಿಯಮ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮಾರ್ಗದರ್ಶಕರೇ, ವಿದ್ಯಾರ್ಥಿ ಮುಂದಿನ ಸಲ ಅಧ್ಯಾಯದ ಕರಡು ಕಳಿಸಿದಾಗ ಓದಲು ಶುರುಮಾಡುವ ಮೊದಲು ಎಡಗಡೆಯ ಪಟ್ಟಿ ತೆರೆದು ನೋಡಿ. ಅದು ಖಾಲಿಯಿದ್ದರೆ ಶೀರ್ಷಿಕೆಗಳಿಗೆ ಸ್ಟೈಲ್ ಕೊಟ್ಟು ತರಲು ಹೇಳಿ, ಹೇಗೆಂದು ಒಮ್ಮೆ ಪಕ್ಕದಲ್ಲಿ ಕೂತು ತೋರಿಸಿಕೊಡಿ.